ಫ್ಲಾವಿಯಾ ಕಟ್ಟಿದ ಮೂವರ ತಂಡ

ಫ್ಲಾವಿಯಾ ಬಾಯಿ ಬಿಟ್ಟರೆ ಬೈಗುಳ ಎಂಬುದು ಅಮೆರಿಕದ ನಮ್ಮ ಮಿಲ್ ಕ್ರೀಕ್ ಊರಿನ ಕನ್ನಡ ತಾಯಂದಿರಿಗೆಲ್ಲ ಗೊತ್ತು. ನಾನಂತೂ ಬೇಕಾದಷ್ಟು ಬೈಸಿಕೊಂಡಿದ್ದೇನೆ. ಅವಳು ಮಂಗಳೂರಿನವಳು, ವಯಸ್ಸು ನಲವತ್ತಾರು. ಹಗಲು ಸಾಫ್ಟ್‌ವೇರ್ ಕೆಲಸ, ಸಂಜೆ ಇಲ್ಲಿಯ ಪುಟ್ಟ ಜಿಮ್ಮೊಂದರಲ್ಲಿ ಮಕ್ಕಳಿಗೆ ಜಿಮ್ನಾಸ್ಟಿಕ್ಸ್ ಪಾಠ. ಚಿಕ್ಕವಳಿದ್ದಾಗ ಅವಳೂ ಶಾಲೆಯಲ್ಲಿ ಕಲಿತಿದ್ದಳಂತೆ. ಜೊತೆಗೆ ಯಾರೂ ಸೇರದೆ ತಂಡವೇ ಆಗಲಿಲ್ಲ, ಒಂದು ಸ್ಪರ್ಧೆಗೂ ಹೋಗಲಿಲ್ಲ. ಆ ಆಸೆ ಮನಸ್ಸಿನಲ್ಲಿ ಹಾಗೇ ಉಳಿದಿತ್ತು.

ಹೋದ ವರ್ಷ ಜಿಮ್ ಮಾಲೀಕನ ಬೆನ್ನುಬಿದ್ದು, ಹೊಸಬರ ಸ್ಪರ್ಧಾ ತಂಡ ಶುರು ಮಾಡಲು ಒಪ್ಪಿಸಿದಳು. ಅವನದು ಒಂದೇ ಷರತ್ತು: ಮೊದಲ ಸ್ಪರ್ಧೆಯಲ್ಲೇ ತಂಡಗಳ ಪಟ್ಟಿಯಲ್ಲಿ ನಮ್ಮ ಹೆಸರು ಬರಬೇಕು, ಬರದಿದ್ದರೆ ತಂಡ ಅಲ್ಲಿಗೇ ಮುಗಿಯಿತು. ಪಟ್ಟಿಗೆ ಸೇರಲು ಮೂವರ ಅಂಕ ಬೇಕು. ಅವಳಿಗೆ ಸಿಕ್ಕವರೇ ಮೂವರು. ಮೂರನೆಯವಳು ನನ್ನ ಮಗಳು, ಎಂಟು ವರ್ಷದ ಮೈತ್ರಿ.

"ಸ್ಮಿತಾ, ಇವಳಿಗೆ ಜ್ವರ ಗಿರ ಬರ್ಲಿಕ್ಕೆ ಬಿಡ್ಬೇಡ ಮಾರಾಯ್ತಿ," ಎಂದು ವಾರಕ್ಕೆರಡು ಸಲ ನನಗೆ ಫೋನ್ ಮಾಡುತ್ತಿದ್ದಳು.

ಜ್ವರ ಬರಲಿಲ್ಲ. ಎಡವಟ್ಟು ಮಾಡಿದ್ದು ನಾನು. ನಾನು ಮೈಸೂರಿನವಳು, ನಮ್ಮಲ್ಲಿ ಶುಭದಿನ ಎಂದರೆ ಎಣ್ಣೆಸ್ನಾನ. ಸ್ಪರ್ಧೆಯ ದಿನ ಬೆಳಿಗ್ಗೆ ಮಗಳಿಗೆ ತಲೆಯಿಂದ ಅಂಗಾಲಿನವರೆಗೆ ಕೊಬ್ಬರಿ ಎಣ್ಣೆ ತಿಕ್ಕಿ ನೀರೆರೆದೆ. ಸಾಲದೆಂಬಂತೆ, ಚಳಿಗೆ ಚರ್ಮ ಒಡೆಯುತ್ತದೆಂದು ಸ್ನಾನವಾದ ಮೇಲೆ ಅಂಗೈಗೂ ತೋಳಿಗೂ ಇನ್ನಷ್ಟು ಸವರಿದೆ.

ಸ್ಪರ್ಧೆಯ ಜಾಗದಲ್ಲಿ ಅಭ್ಯಾಸಕ್ಕೆಂದು ಬಾರ್ ಎಂಬ ಅಡ್ಡಕಂಬಿ ಹಿಡಿದ ಮೈತ್ರಿ ಜರ್ರನೆ ಜಾರಿ ಕೆಳಗಿನ ಮೆತ್ತೆಯ ಮೇಲೆ ಬಿದ್ದಳು. ಪೆಟ್ಟಾಗಲಿಲ್ಲ, ಆದರೆ ಹೆದರಿಬಿಟ್ಟಳು. "ಐ ಕಾಂಟ್ ಡು ಇಟ್, ಅಮ್ಮ," ಎಂದು ಮೂಲೆ ಸೇರಿದಳು. ಫ್ಲಾವಿಯಾ ಅವಳ ಅಂಗೈ ಮುಟ್ಟಿ, ಮೂಸಿ, ನನ್ನತ್ತ ತಿರುಗಿದಳು.

"ಇದೆಂತ ಸ್ಮಿತಾ? ಮಗುವನ್ನು ಆಡ್ಲಿಕ್ಕೆ ಕರ್ಕೊಂಡು ಬಂದದ್ದಾ, ಬಾಣಲೆಗೆ ಬಿಡ್ಲಿಕ್ಕಾ?"

"ಒಳ್ಳೇದಾಗ್ಲಿ ಅಂತ ಹಚ್ಚಿದೆ ಕಣೇ," ಎಂದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಅವಳು ಮತ್ತೆ ಬೈಯಲಿಲ್ಲ. ಮೈತ್ರಿಯನ್ನು ಬಾತ್‌ರೂಮಿಗೆ ಕರೆದೊಯ್ದು, ಸೋಪು ಹಾಕಿ ಒಂದೊಂದೇ ಬೆರಳು ತೊಳೆದಳು.

"ತಪ್ಪು ನಿಂದಲ್ಲ ಪುಟ್ಟಾ, ನಿನ್ನ ಅಮ್ಮನ ಎಣ್ಣೆದು. ಹೆದರಿಕೆ ಆದ್ರೆ ಆಡುವುದು ಬೇಡ. ನಾನು ಬೈಯುದಿಲ್ಲ."

ಫ್ಲಾವಿಯಾ ಇಷ್ಟು ವರ್ಷ ಕಾದದ್ದನ್ನು ಒಂದು ಮಗುವಿನ ಹೆದರಿಕೆಗಾಗಿ ಬಿಟ್ಟುಕೊಡಲು ಸಿದ್ಧಳಾಗಿದ್ದಳು. ಅವಳ ಬೈಗುಳಗಳನ್ನೆಲ್ಲ ನಾನು ಆ ಕ್ಷಣವೇ ಮನ್ನಿಸಿದೆ.

ಮೈತ್ರಿ ತನ್ನ ಕೈ ಮೂಸಿ ನೋಡಿಕೊಂಡಳು. ಹೊರಗೆ ಹೋಗಿ, ಕೈ ಜಾರದಿರಲೆಂದು ಇಟ್ಟಿದ್ದ ಬಿಳಿ ಪುಡಿಯನ್ನು ಮೊಣಕೈವರೆಗೂ ಮೆತ್ತಿಕೊಂಡಳು. ಸರದಿ ಬಂದಾಗ ಬಾರ್ ಹಿಡಿದು, ನಡುವೆ ಒಮ್ಮೆ ಕೆಳಗಿಳಿದುಬಿಟ್ಟಳು. ಮತ್ತೆ ಹತ್ತಿ ಮುಗಿಸಿದಳು.

ಸಂಜೆ ಗೋಡೆಯ ಪರದೆಯ ಮೇಲೆ ಪಟ್ಟಿ ಬಂತು. ಏಳು ತಂಡಗಳಲ್ಲಿ ನಮ್ಮದು ಏಳನೆಯದು. ಫ್ಲಾವಿಯಾ ಫೋಟೋ ತೆಗೆಯಲು ಹೋದಳು. ಕಣ್ಣು ತುಂಬಿ ಏನೂ ಕಾಣದೆ ಫೋನನ್ನು ನನ್ನ ಕೈಗಿಟ್ಟಳು.

"ನೀನೇ ತೆಗಿ ಸ್ಮಿತಾ. ಎಲ್ಲಕ್ಕಿಂತ ಅಡಿಯಲ್ಲಿ ಉಂಟು ನೋಡು, ನಮ್ಮ ತಂಡ."