ಕೈಮೀಟರ್

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದೇ ಶಟರಿನ ಕೆಳಗೆ ಎರಡು ಅಂಗಡಿ. ಎಡಗಡೆ ಹೊಲಿಗೆ ಯಂತ್ರ, ಬಲಗಡೆ ಬ್ಯಾಟರಿಗಳ ಸಾಲು. ನಡುವೆ ಗೋಡೆಯಿಲ್ಲ, ಉದ್ದನೆಯ ಒಂದು ಮೇಜಿದೆ. ಮೇಜಿನ ಮುಕ್ಕಾಲು ಭಾಗದಲ್ಲಿ ಟೈಲರಮ್ಮ ಬಟ್ಟೆ ಹರಡುತ್ತಾರೆ. ಉಳಿದ ಕಾಲು ಭಾಗದಲ್ಲಿ ಅವರ ಗಂಡ ಮೋಟಾರ್ ಸೈಕಲ್ಲುಗಳ ಬ್ಯಾಟರಿ ಚಾರ್ಜಿಗೆ ಹಾಕುತ್ತಾರೆ. ಮೂವತ್ತು ವರ್ಷದಲ್ಲಿ ಆಸಿಡ್ ಬಿದ್ದು ತೂತಾದದ್ದು ಬರೀ ಮೂರು ಅಂಗಿ. ಆ ಮೂರರ ಕಥೆಯನ್ನೂ ಟೈಲರಮ್ಮ ಬಂದವರಿಗೆಲ್ಲ ಬೇಸರವಿಲ್ಲದೆ ಹೇಳುತ್ತಾರೆ, ಗಂಡ ಅಲ್ಲೇ ಕೂತಿದ್ದರೆ ಇನ್ನಷ್ಟು ವಿವರವಾಗಿ.

ಗಂಡನಿಗೆ ಓಣಿಯವರು ಇಟ್ಟ ಹೆಸರು ಕೈಮೀಟರ್. ಬೇರೆ ಅಂಗಡಿಯವರು ಮೀಟರ್ ಹಿಡಿದು ಮುಳ್ಳು ನೋಡಿದರೆ ಇವರು ಅಂಗೈ ಇಟ್ಟು ನೋಡುತ್ತಾರೆ. ಚಾರ್ಜರನ್ನು ಇವರೇ ಕಟ್ಟಿದ್ದು. ಬಿಸ್ಕತ್ತಿನ ಹಳೇ ತಗಡಿನ ಡಬ್ಬ, ಅದರೊಳಗೆ ಕೈಯಿಂದಲೇ ತಂತಿ ಸುತ್ತಿದ ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡು, ಒಂದು ಫ್ಯೂಸು. ಹೊರಗೆ ಒಂದು ಕೆಂಪು ಕ್ಲಿಪ್ಪು, ಒಂದು ಕಪ್ಪು ಕ್ಲಿಪ್ಪು. ಮುಳ್ಳೂ ಇಲ್ಲ, ದೀಪವೂ ಇಲ್ಲ. ಕರೆಂಟು ಬ್ಯಾಟರಿಗೆ ಇಳಿಯುತ್ತಿದ್ದರೆ ಡಬ್ಬ ಹೊಲಿಗೆ ಯಂತ್ರದ ಸದ್ದಿನಲ್ಲಿ ಕಿವಿಗೆ ಕೇಳದಷ್ಟು ಸಣ್ಣಗೆ ಗುಂಯ್‌ಗುಡುತ್ತದೆ, ಸ್ವಲ್ಪ ಹೊತ್ತಿಗೆ ಮುಚ್ಚಳ ಬೆಚ್ಚಗಾಗುತ್ತದೆ. ಆ ಬಿಸಿ ಎಷ್ಟು, ಆ ಗುಂಯ್ ಎಂಥದ್ದು ಎಂದು ಅಂಗೈಯಲ್ಲೇ ತೂಗಿ, ಈ ಬ್ಯಾಟರಿ ಬಾಳುತ್ತದೋ ಇಲ್ಲವೋ ಎಂದು ಕೈಮೀಟರ್ ಹೇಳಿಬಿಡುತ್ತಿದ್ದರು. ಹೇಳಿದ್ದು ತಪ್ಪಿದ್ದನ್ನು ಕಂಡವರಿಲ್ಲ. ಕಂಡವರಿದ್ದರೂ ಅವರೆದುರು ಬಾಯಿ ಬಿಟ್ಟಿಲ್ಲ. ಮಗಳು ಒಮ್ಮೆ ಒಳ್ಳೇ ಮೀಟರೊಂದನ್ನು ತಂದುಕೊಟ್ಟಾಗ, "ನನ್ನ ಕೈಗೆ ಏನಾಗಿದೆ ಅಂತ ಇದನ್ನ ತಂದೆ?" ಎಂದು ಕೇಳಿ ಮುಖ ಗಂಟು ಹಾಕಿಕೊಂಡಿದ್ದರು. ಅದು ಇನ್ನೂ ಪ್ಲಾಸ್ಟಿಕ್ ಕವರಿನೊಳಗೇ ಮೇಜಿನ ಡ್ರಾಯರಿನಲ್ಲಿದೆ, ಗುಂಡಿ ಮತ್ತು ದಾರದುಂಡೆಗಳ ಜೊತೆ.

ಆ ಚಾರ್ಜರಿನ ತಂತಿ ಸುತ್ತಿದ್ದು ಅವರಿಬ್ಬರ ಮದುವೆಯಾದ ವರ್ಷ. ಗಂಡ ಸುತ್ತುವುದು, ಹೆಂಡತಿ ಎದುರಿಗೆ ಕೂತು ಸುತ್ತು ಎಣಿಸುವುದು. ಐನೂರು ದಾಟಿದ ಮೇಲೆ ಯಾವುದೋ ಮಾತಿಗೆ ಇಬ್ಬರೂ ಬಿದ್ದು ಬಿದ್ದು ನಕ್ಕು, ಎಣಿಕೆ ತಪ್ಪಿ, ಎಲ್ಲ ಬಿಚ್ಚಿ ಮತ್ತೆ ಒಂದರಿಂದ ಶುರು ಮಾಡಿದ್ದರು. ಯಾವ ಮಾತಿಗೆ ನಕ್ಕದ್ದೆಂದು ಈಗ ಇಬ್ಬರಿಗೂ ನೆನಪಿಲ್ಲ.

ಕೈಮೀಟರಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಮಾತ್ರೆ ನೆನಪಾದರೆ ಉಂಟು, ಇಲ್ಲದಿದ್ದರೆ ಇಲ್ಲ. ಕಳೆದ ತಿಂಗಳು ಚಹಾ ಕುಡಿದು ಬಂದವರು ಕುರ್ಚಿಯಲ್ಲಿ ಕೂತಾಗ ಟೈಲರಮ್ಮ ನೋಡುತ್ತಾರೆ, ಒಂದೇ ಕಾಲಿನಲ್ಲಿ ಚಪ್ಪಲಿ! ಇನ್ನೊಂದು ಚಹಾದಂಗಡಿಯ ಮೆಟ್ಟಿಲಲ್ಲೇ ಉಳಿದಿತ್ತು. ಬಿಸಿಲಿಗೆ ಕಾದ ರಸ್ತೆಯಲ್ಲಿ ಅಷ್ಟು ದೂರ ನಡೆದು ಬಂದವರಿಗೆ ಗೊತ್ತೇ ಆಗಿರಲಿಲ್ಲ. ಟೈಲರಮ್ಮ ಒಂದು ವಾರ ಇದನ್ನೇ ಹೇಳಿ ನಗಿಸಿದರು. ನಗದೆ ಇದ್ದವರು ಓಣಿಯ ನರ್ಸಮ್ಮ ಒಬ್ಬರೇ. "ಅಣ್ಣಾ, ಇದು ನಗೋ ವಿಷಯ ಅಲ್ಲ. ಕಾಲು ಒಮ್ಮೆ ತೋರಿಸಿ," ಎಂದಿದ್ದರು. ಕೈಮೀಟರ್ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಬೆರಳ ತುದಿಗಳೂ ಈಚೆಗೆ ಮಂದವಾಗಿವೆ, ಸ್ಕ್ರೂ ಹಿಡಿದರೆ ಜಾರುತ್ತದೆ ಎಂಬ ಸಂಗತಿಯನ್ನು ಅವರು ಯಾರಿಗೂ ಹೇಳಿರಲಿಲ್ಲ. ಆಸಿಡ್ಡಿನ ಸಹವಾಸ, ಇಷ್ಟು ವರ್ಷಕ್ಕೆ ಇಷ್ಟಾದರೂ ಆಗಬೇಕಲ್ಲ ಎಂದುಕೊಂಡಿದ್ದರು. ಬೆರಳು ಹೋದರೆ ಹೋಗಲಿ, ಅಂಗೈ ಇದೆಯಲ್ಲ. ಅಂಗೈ ಒಂದು ಇಲ್ಲದಿದ್ದರೆ ತಾನು ಯಾರು ಎಂಬ ಪ್ರಶ್ನೆಯ ಹತ್ತಿರ ಅವರು ಸುಳಿದೇ ಇರಲಿಲ್ಲ.

ಆ ದಿನ ಬೆಳಿಗ್ಗೆ ನರ್ಸಮ್ಮ ಮೋಟಾರ್ ಸೈಕಲ್ ತಳ್ಳಿಕೊಂಡು ಬೆವರುತ್ತಾ ಬಂದರು. ಹಾಸಿಗೆ ಹಿಡಿದವರ ಮನೆ ಮನೆಗೆ ಹೋಗಿ ಇಂಜೆಕ್ಷನ್ ಕೊಟ್ಟು, ಗಾಯಕ್ಕೆ ಪಟ್ಟಿ ಕಟ್ಟಿ ಬರುವುದು ಅವರ ಕೆಲಸ.

"ಜಪ್ಪಯ್ಯ ಅಂದ್ರೂ ಸ್ಟಾರ್ಟ್ ಆಗ್ತಿಲ್ಲ ಅಣ್ಣ. ಹಾರ್ನ್ ಕೂಡ ಸತ್ತಿದೆ. ಇವತ್ತು ಹೇಗೋ ಬಸ್ಸಲ್ಲಿ ಸುಧಾರಿಸ್ತೀನಿ, ಸಂಜೆಗೆ ಮಾತ್ರ ಬೇಕೇ ಬೇಕು."

"ಸಂಜೆ ಬನ್ನಿ, ಓಣಿಯೆಲ್ಲ ಎದ್ದು ಕೂರೋ ಹಾಗೆ ಹಾರ್ನ್ ಹೊಡೆಯುತ್ತೆ."

"ಕಾಲು ತೋರಿಸಿದ್ರಾ?"

"ನಾನೇನು ಕಾಲಲ್ಲಿ ಬ್ಯಾಟರಿ ಚಾರ್ಜ್ ಮಾಡ್ತೀನಾ ನರ್ಸಮ್ಮ?"

ನರ್ಸಮ್ಮ ಟೈಲರಮ್ಮನ ಮುಖ ನೋಡಿದರು. ಟೈಲರಮ್ಮ, ಗೋಡೆಗೆ ಹೇಳಿದ ಹಾಗೆ ಬಿಡಿ ಎಂಬಂತೆ ಕೈ ಆಡಿಸಿದರು.

ಕೈಮೀಟರ್ ಬ್ಯಾಟರಿ ಬಿಚ್ಚಿ ಮೇಜಿನ ಮೇಲಿಟ್ಟು, ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಹಚ್ಚಿ ಸ್ವಿಚ್ ಹಾಕಿದರು. ಅದು ಪೂರ್ತಿ ಮುಚ್ಚಿದ ಬ್ಯಾಟರಿ. ಚಾರ್ಜ್ ಆಗುವಾಗ ಒಳಗೆ ಗುಳ್ಳೆ ಏಳುವುದು ಹೊರಗೆ ಕಾಣುವುದಿಲ್ಲ. ಅರ್ಧ ಗಂಟೆ ಬಿಟ್ಟು ಡಬ್ಬದ ಮೇಲೆ ಅಂಗೈ ಇಟ್ಟರು. ಏನೂ ಇಲ್ಲ. ಬಿಸಿಯಿಲ್ಲ, ಗುಂಯ್ ಇಲ್ಲ. ಎಡಗೈ ಇಟ್ಟು ನೋಡಿದರು, ಅದೇ ಉತ್ತರ.

"ಹಾಳಾದ್ದು ಚಾರ್ಜ್ ಆಗ್ತಿಲ್ಲ ಕಣೇ."

"ಪ್ಲಗ್ ಸರಿಯಾಗಿ ಕೂತಿದೆಯಾ ನೋಡ್ರಿ."

ನೋಡಿದರು. ಅದೇ ಪ್ಲಗ್ಗಿಗೆ ಟೈಲರಮ್ಮನ ಇಸ್ತ್ರಿಪೆಟ್ಟಿಗೆ ಹಾಕಿದರೆ ಅದರ ಕೆಂಪು ದೀಪ ಹತ್ತಿತು. ಅಲ್ಲಿಗೆ ಗೋಡೆ ನಿರಪರಾಧಿ. ಫ್ಯೂಸ್ ತೆಗೆದು ಬೆಳಕಿಗೆ ಹಿಡಿದರೆ ಎಳೆ ನೆಟ್ಟಗಿದೆ. ಕ್ಲಿಪ್ಪಿನ ಹಲ್ಲುಗಳಲ್ಲಿ ಹಸಿರು ಬಿಳಿ ಕಿಟ್ಟ ಕಟ್ಟಿತ್ತು. ಬಿಸಿನೀರಿಗೆ ಸೋಡಾಪುಡಿ ಹಾಕಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ಫಳಫಳ ಹೊಳೆಯುವ ಹಾಗೆ ಮಾಡಿದರು. ಮತ್ತೆ ಸ್ವಿಚ್ ಹಾಕಿ, ಮತ್ತೆ ಕಾದು, ಮತ್ತೆ ಅಂಗೈ ಇಟ್ಟರೆ ಏನೂ ಇಲ್ಲ. ಎರಡು ಕ್ಲಿಪ್ಪಿನ ನಡುವೆ ಸಣ್ಣ ಬಲ್ಬ್ ಹಿಡಿದರು. ಅದು ಝಗ್ ಎಂದು ಹತ್ತಿಕೊಂಡಿತು.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದರು. ಬಲ್ಬ್ ಹತ್ತಿತೆಂದರೆ ಚಾರ್ಜರಿನಿಂದ ಕರೆಂಟು ಬರುತ್ತಿದೆ, ಬ್ಯಾಟರಿ ತುಂಬುತ್ತಿದೆ, ಮುಗಿಯಿತು. ಆದರೆ ಮೂವತ್ತು ವರ್ಷ ಅಂಗೈಯನ್ನೇ ನಂಬಿ ಬದುಕಿದ ಮನುಷ್ಯ ಒಂದು ಬಲ್ಬಿನ ಮಾತು ಕೇಳುತ್ತಾರೆಯೇ? "ಬಲ್ಬಿಗೆ ಎಷ್ಟು ಬೇಕು, ಒಂದು ಗುಟುಕು ಸಾಕು. ಬ್ಯಾಟರಿಗೆ ದಮ್ಮು ಬೇಕು, ಇದರಲ್ಲಿ ದಮ್ಮಿಲ್ಲ," ಎಂದು ಬಲ್ಬನ್ನು ಬದಿಗೆ ಸರಿಸಿದರು. ಒಬ್ಬೊಬ್ಬರನ್ನೇ ಹಿಡಿದು ಕೇಳಿದರೆ ಎಲ್ಲರೂ ಒಳ್ಳೆಯವರೇ, ಮನೆಯಲ್ಲಿ ಜಗಳ ಮಾತ್ರ ನಿಂತಿಲ್ಲ ಅನ್ನುವಂಥ ಸಂಸಾರವಾಗಿತ್ತು ಆ ಡಬ್ಬ.

ಹನ್ನೊಂದರ ಹೊತ್ತಿಗೆ ಪ್ಲಗ್ ಕಿತ್ತು ಮುಚ್ಚಳ ಬಿಚ್ಚಿದರು. ನಾಲ್ಕು ಡಯೋಡುಗಳ ಮೇಲೆ ಅನುಮಾನ ಬಂದು ನಾಲ್ಕನ್ನೂ ಬದಲಾಯಿಸಲು ಕೂತರು. ಕಾಯ್ದ ಬೆಸುಗೆ ಕಡ್ಡಿ ಒಂದು ಕೈಯಲ್ಲಿ, ಸೀಸದ ತಂತಿ ಇನ್ನೊಂದು ಕೈಯಲ್ಲಿ. ಮೂರನೆಯದನ್ನು ಕೂರಿಸುವಾಗ ಏನೋ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಕೈಮೀಟರ್ ಡಬ್ಬದೊಳಗೆ ಬಗ್ಗಿ ಮೂಸಿದರು.

"ಕಾಯಿಲ್ ಸುಟ್ಟಿದೆ," ಎಂದರು. "ವಾಸನೆ ಬರ್ತಿದೆ. ಒಳಗೇ ಸುಟ್ಟುಹೋಗಿದೆ. ಅದಕ್ಕೇ ಹೀಗೆ."

ಟೈಲರಮ್ಮನ ಹೊಲಿಗೆ ಯಂತ್ರದ ಗಾಲಿ ನಿಂತಿತು. "ನಾವು ಸುತ್ತಿದ್ದಾ?"

"ಅದೇ."

ಕೈಮೀಟರಿಗೆ ನಿಜವಾಗಿ ದುಃಖವಾಯಿತು. ಆದರೆ ಆ ದುಃಖದ ಅಡಿಯಲ್ಲಿ ಚೂರು ಸಮಾಧಾನವೂ ಇತ್ತು. ಕೆಟ್ಟದ್ದು ಯಾವುದೆಂದು ಸಿಕ್ಕಿತಲ್ಲ, ಅದು ಡಬ್ಬದೊಳಗೇ ಇತ್ತಲ್ಲ ಎಂದು. ಹೊಸ ಕಾಯಿಲ್ ಸುತ್ತಿದರಾಯಿತು. ಆದರೂ ಕೊನೆಯದಾಗಿ ಒಮ್ಮೆ ನೋಡಿಬಿಡೋಣ ಎಂದು ಡಯೋಡು ಕೂರಿಸಿ, ಮುಚ್ಚಳ ಹಾಕಿ, ನರ್ಸಮ್ಮನ ಬ್ಯಾಟರಿಗೆ ಹಚ್ಚಿ ಊಟಕ್ಕೆ ಹೋದರು. ಊಟ ರುಚಿಸಲಿಲ್ಲ. ಮಲಗಿದರೂ ನಿದ್ದೆ ಹತ್ತಲಿಲ್ಲ. ನಾಲ್ಕು ಗಂಟೆಗೆ ವಾಪಸು ಬಂದು ಅಂಗೈ ಇಟ್ಟರು. ಏನೂ ಇಲ್ಲ. ಕೈಮೀಟರ್ ಪ್ಲಗ್ ಕಿತ್ತು, ಮುಚ್ಚಳ ಮತ್ತೆ ಬಿಚ್ಚಿ, ಹಳೇ ಕಾಯಿಲನ್ನು ಕತ್ತರಿಸಿ ತೆಗೆಯಲು ಇಕ್ಕಳ ಹುಡುಕತೊಡಗಿದರು.

ಅಷ್ಟರಲ್ಲಿ ಟೈಲರಮ್ಮ ಪರದೆಯ ಬಟ್ಟೆ ಹರಡಲು ಜಾಗ ಸಾಲದೆ ಡಬ್ಬವನ್ನು ಎರಡೂ ಕೈಯಿಂದ ಹಿಡಿದು ಅತ್ತ ಸರಿಸಿದರು. ಸರಿಸಿದವರು ಕೈ ತೆಗೆಯಲಿಲ್ಲ.

"ರೀ, ಇದು ಬೆಚ್ಚಗಿದೆ."

"ಬಿಸಿಲು ಬಿದ್ದಿರಬೇಕು."

"ಇಲ್ಲೆಲ್ಲಿ ಬಿಸಿಲು? ಬೆಕ್ಕಿನ ಬೆನ್ನು ಮುಟ್ಟಿದ ಹಾಗಿದೆ ಕಣ್ರಿ. ಚೆನ್ನಾಗಿರೋದನ್ನ ಯಾಕೆ ಕತ್ತರಿಸ್ತೀರಾ?"

"ದಿನಾ ಇಸ್ತ್ರಿ ಹಿಡಿಯೋ ಕೈ ನಿಂದು. ನಿನಗೆ ಎಲ್ಲಾ ಬೆಚ್ಚಗೇ."

ಟೈಲರಮ್ಮ ಜಗಳಕ್ಕೆ ನಿಲ್ಲಲಿಲ್ಲ. "ಹಾಗಾದ್ರೆ ಬ್ಯಾಟರಿ ಗಾಡಿಗೆ ಹಾಕಿ. ಹಾರ್ನ್ ಆಗಲಿಲ್ಲ ಅಂದ್ರೆ ಆಮೇಲೆ ಕತ್ತರಿಸಿ," ಎಂದರು. ಹೆಂಡತಿಯ ಮಾತು ಸುಳ್ಳು ಮಾಡಿ ತೋರಿಸುವ ಹಠದಿಂದಲೇ ಕೈಮೀಟರ್ ಬ್ಯಾಟರಿ ಎತ್ತಿಕೊಂಡು ಹೊರಗೆ ನಿಂತಿದ್ದ ಗಾಡಿಗೆ ಕೂರಿಸಿದರು. ಸ್ಕ್ರೂ ಎರಡು ಸಲ ಕೈಜಾರಿ ಕೆಳಗೆ ಬಿತ್ತು. ಟೈಲರಮ್ಮ ಅದನ್ನು ಎತ್ತಿಕೊಟ್ಟರು. ಕೀಲಿ ತಿರುಗಿಸಿ ಹಾರ್ನ್ ಒತ್ತಿದರೆ ಓಣಿಯ ಆ ತುದಿಯವರೂ ತಿರುಗಿ ನೋಡಿದರು. ಸ್ಟಾರ್ಟರ್ ಒತ್ತಿದ ತಕ್ಷಣ ಎಂಜಿನ್ ಗುರ್ರೆಂದಿತು.

ಗೆದ್ದೆನೆಂದು ಟೈಲರಮ್ಮ ನಗಲಿಲ್ಲ. ಇಂಥ ಸಂದರ್ಭವನ್ನು ಅವರು ಬಿಟ್ಟವರೇ ಅಲ್ಲ, ಇವತ್ತು ಬಿಟ್ಟರು. ಕೈಮೀಟರ್ ಎಂಜಿನ್ ಆರಿಸಿ, ಗಾಡಿಯ ಪಕ್ಕದಲ್ಲೇ ನಿಂತು ತಮ್ಮ ಅಂಗೈ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಬೆಳಗಿನಿಂದ ಅಷ್ಟೂ ಹೊತ್ತು ಕರೆಂಟು ಇಳಿದಿತ್ತು, ಬ್ಯಾಟರಿ ತುಂಬಿತ್ತು, ಡಬ್ಬ ಹೇಳುವುದನ್ನೆಲ್ಲ ಹೇಳಿತ್ತು. ಅವರಿಗೆ ಭಯವಾಯಿತು.

ನರ್ಸಮ್ಮ ಬಂದದ್ದು ಆಗಲೇ. ಹಾರ್ನು ಮೂಲೆಯಿಂದಲೇ ಕೇಳಿಸಿತ್ತೋ ಏನೋ, ನಗುತ್ತಲೇ ಬಂದರು. ಕೀಲಿಗೆಂದು ಕೈ ಚಾಚಿದವರು ಕೈಮೀಟರಿನ ತೋರುಬೆರಳನ್ನು ಹಿಡಿದುಕೊಂಡರು.

"ಇದೇನಣ್ಣ, ಇಷ್ಟು ದೊಡ್ಡ ಬೊಕ್ಕೆ? ಯಾವಾಗ ಸುಟ್ಕೊಂಡ್ರಿ?"

ಬೆರಳ ತುದಿಯಲ್ಲಿ ಬಿಳಿಯ ಬೊಕ್ಕೆ ಎದ್ದು ನೀರು ತುಂಬಿತ್ತು. ಕೈಮೀಟರ್ ಅದನ್ನು ಬೇರೆಯವರ ಬೆರಳೆಂಬಂತೆ ನೋಡಿದರು. "ಗೊತ್ತಿಲ್ಲ," ಎಂದರು.

ಟೈಲರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಸುಟ್ಟ ವಾಸನೆ ಅಂದ್ರಲ್ರಿ... ಕಾಯಿಲ್ ಅಂದ್ರಲ್ಲ..."

ನರ್ಸಮ್ಮ ಕೈಮೀಟರನ್ನು ಒಳಗೆ ಕರೆದು ಕುರ್ಚಿಯಲ್ಲಿ ಕೂರಿಸಿದರು. ಬೊಕ್ಕೆಗೆ ಮುಲಾಮು ಹಚ್ಚಿ ಪಟ್ಟಿ ಸುತ್ತಿದರು. ಎಡಗೈಯನ್ನು ಮೇಜಿನ ಮೇಲೆ ಅಂಗಾತ ಇಡಿಸಿದರು.

"ಈಗ ಕಣ್ಣು ಮುಚ್ಚಿ ಅಣ್ಣ. ನಾನು ಮುಟ್ಟಿದಾಗಲೆಲ್ಲ ಹೂಂ ಅನ್ನಿ. ಅಷ್ಟೇ."

ಕೈಮೀಟರ್ ಕಣ್ಣು ಮುಚ್ಚಿದರು. ಯಾವತ್ತೂ ಯಾರ ಮಾತಿಗೂ ಇಷ್ಟು ಬೇಗ ಒಪ್ಪಿದವರಲ್ಲ. ಹೊರಗೆ ಬಸ್ಸೊಂದು ಹಾರ್ನ್ ಹಾಕುತ್ತಾ ತಿರುಗಿತು. ಟೈಲರಮ್ಮನ ಬಳೆ ಒಮ್ಮೆ ಸದ್ದು ಮಾಡಿ ಸುಮ್ಮನಾಯಿತು. ಕೈಮೀಟರ್ ಕಿವಿಗೊಟ್ಟು ಕಾದರು. ಒಂದೇ ಒಂದು ಸಲವೂ ತಪ್ಪಬಾರದು, ಎಷ್ಟೇ ಮೆಲ್ಲಗೆ ಮುಟ್ಟಿದರೂ ಹೂಂ ಅನ್ನಬೇಕು ಎಂದು ಇಡೀ ಮನಸ್ಸನ್ನು ಅಂಗೈಗೆ ತಂದಿಟ್ಟುಕೊಂಡು ಕೂತರು. ನರ್ಸಮ್ಮ ಚೀಲದಲ್ಲಿ ಏನೋ ಹುಡುಕುತ್ತಿರಬೇಕು ಎನ್ನಿಸಿತು. ತುಂಬಾ ಹೊತ್ತಾಯಿತು.

"ಶುರು ಮಾಡಿ ನರ್ಸಮ್ಮ," ಎಂದರು. "ನಾನು ತಯಾರಾಗೇ ಇದೀನಿ."

ಕೈಮೀಟರ್ ಕಣ್ಣು ತೆರೆದರು.

ನರ್ಸಮ್ಮ ಪೆನ್ನಿಗೆ ಮುಚ್ಚಳ ಹಾಕುತ್ತಿದ್ದರು. ಐದು ಬೆರಳ ತುದಿಯಲ್ಲೂ ಒಂದೊಂದು ನೀಲಿ ಚುಕ್ಕೆ ಇತ್ತು. ಅಂಗೈಯಲ್ಲಿ ಮೂರು. ಒತ್ತಿ ಇಟ್ಟ ಚುಕ್ಕೆಗಳು, ಸುತ್ತಲಿನ ಚರ್ಮ ಇನ್ನೂ ತಗ್ಗಾಗಿತ್ತು. ಕೈಮೀಟರ್ ಅವನ್ನು ಒಂದೊಂದಾಗಿ ಎಣಿಸಿದರು, ಮತ್ತೆ ಮೊದಲಿನಿಂದ ಎಣಿಸಿದರು. ಎಂಟು.

ಮೇಜಿನ ಆ ತುದಿಯಲ್ಲಿ ಟೈಲರಮ್ಮ ಮುಚ್ಚಳ ತೆಗೆದ ಡಬ್ಬದ ಪಕ್ಕ ನಿಂತಿದ್ದರು. ಡ್ರಾಯರ್ ಎಳೆದು, ಗುಂಡಿಗಳ ನಡುವಿನಿಂದ ಆ ಮೀಟರನ್ನು ಹೊರಗೆ ತೆಗೆದಿದ್ದರು. ಕವರ್ ಮಾತ್ರ ಹರಿದಿರಲಿಲ್ಲ, ಗಂಡನ ಮುಖ ನೋಡುತ್ತಿದ್ದರು.

"ಹಾಗಾದ್ರೆ," ಎಂದರು ಕೈಮೀಟರ್. "ಹಾಗಾದ್ರೆ ನಾವು ಸುತ್ತಿದ್ದು ಸರಿಯಾಗೇ ಇದೆ."

"ಹೂಂ," ಎಂದರು ಟೈಲರಮ್ಮ.