ಜಪ ಎಣಿಸುವ ಗುಂಡಿ

ಅತ್ತೆಯ ಜಪಸರದ ದಾರ ಕಿತ್ತುಹೋದಾಗ ಹೊಸ ಸರ ತಂದುಕೊಟ್ಟು ಸುಮ್ಮನಿರಬಹುದಿತ್ತು. ನನಗೆ ಜಂಬ. ಪೀಣ್ಯದ ಕಾರ್ಖಾನೆಯಲ್ಲಿ ದಿನವೆಲ್ಲ ಸರ್ಕ್ಯೂಟ್ ಬೋರ್ಡ್ ಪರೀಕ್ಷಿಸುವವಳು, ಮನೆಯಲ್ಲಿ ಒಂದು ಕೌಂಟರ್ ಮಾಡಲಾರೆನೇ? ಗುಂಡಿ ಒತ್ತಿದರೆ ಕೆಂಪು ಅಂಕಿ ಒಂದು ಮುಂದೆ ಹೋಗಬೇಕು, ಅಷ್ಟೇ.

ಹೋಯಿತು. ಆದರೆ ಅತ್ತೆ ಒಮ್ಮೆ ‘ರಾಮ’ ಎಂದು ಒತ್ತಿದರೆ ಅಂಕಿ ಮೂರು ಹಾರಿತು. ಎಣಿಸುವ ಐಸಿ ಚಿಪ್ ಬದಲಿಸಿದೆ, ತಂತಿ ಬದಲಿಸಿದೆ, ಕೊನೆಗೆ ಬೆರಳು ನಡುಗಿಸಬೇಡಿ ಎಂದು ಅತ್ತೆಯ ಮೇಲೇ ರೇಗಿದೆ. ಅವರು ಗಾಬರಿಯಾದರು.

“ಅನ್ನದೇ ಇರೋ ನಾಮ ಲೆಕ್ಕಕ್ಕೆ ಬಂದ್ರೆ ದ್ಯಾವ್ರಿಗೇ ಮೋಸ ಮಾಡ್ದಂಗಲ್ವೇನವ್ವ?”

ಭಾನುವಾರ ಮೈದುನನ ಹೆಂಡತಿ ಸಿಂಗಸಂದ್ರದಿಂದ ಟಿ. ದಾಸರಹಳ್ಳಿಯ ನಮ್ಮ ಮನೆಗೆ ಬಂದಳು. ಅವಳೂ ಎಲೆಕ್ಟ್ರಾನಿಕ್ಸ್ ಕಲಿತವಳೇ. ಕೌಂಟರ್ ಪೆಟ್ಟಿಗೆಯ ಗುಂಡಿಯನ್ನು ಎರಡು ಸಲ ಒತ್ತಿ ನೋಡಿ ನಕ್ಕಳು.

“ತಪ್ಪು ಅತ್ತೇದಲ್ಲ ಕಣಕ್ಕಾ, ಗುಂಡೀದು. ಒತ್ತಿದಾಗ ಒಳಗಿನ ತಗಡು ಚೆಂಡಿನ ತರ ಪುಟಿಯುತ್ತೆ. ಒಂದೊಂದು ಪುಟಿತಾನೂ ಇದು ಎಣಿಸ್ಬಿಡ್ತಿದೆ.”

ನನ್ನದೇ ಡಬ್ಬಿಯಿಂದ ರೆಸಿಸ್ಟರ್, ಕೆಪಾಸಿಟರ್, ಇನ್ನೊಂದು ಐಸಿ ಆರಿಸಿ ಗುಂಡಿಗೆ ಜೋಡಿಸಿದಳು. ಪುಟಿತ ಅಡಗುವವರೆಗೆ ಕೌಂಟರ್ ಕಾಯುವಂತಾಯಿತು. ಒಂದು ಒತ್ತಿಗೆ ಒಂದೇ ಅಂಕಿ. ಅತ್ತೆ ಅವಳ ಕೆನ್ನೆ ಸವರಿ ನೆಟಿಕೆ ಮುರಿದರು. ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಇಷ್ಟು ವರ್ಷ ಅವರ ಮಂಡಿಗೆ ಎಣ್ಣೆ ತಿಕ್ಕಿದವಳು ನಾನು; ನನಗೊಂದು ದಿನ ನೆಟಿಕೆ ಮುರಿದವರಲ್ಲ.

ಮಾರನೆಯ ಬೆಳಿಗ್ಗೆ ಜಪಕ್ಕೆ ಕೂತವರನ್ನು ಬಾಗಿಲ ಸಂದಿಯಿಂದ ನೋಡಿದೆ. ಅತ್ತೆಯ ನಾಮ ಯಾವಾಗಲೂ ಓಟ. ಬೇಗಬೇಗ ಎರಡು ಸಲ ಒತ್ತಿದರೆ ಕೌಂಟರ್ ಒಂದೇ ಎಂದಿತು! ಅವಳು ಬೇಕಾದ್ದಕ್ಕಿಂತ ದೊಡ್ಡ ಕೆಪಾಸಿಟರ್ ಹಾಕಿದ್ದಳು, ಕಾಯುವ ಹೊತ್ತು ಉದ್ದವಾಗಿತ್ತು. ನನಗಾದ ಖುಷಿ ಹೇಳತೀರದು. ಚಿಕ್ಕದೊಂದು ಹಾಕಿದರೆ ಸರಿಹೋಗುತ್ತಿತ್ತು. ಹಾಕಲಿಲ್ಲ. ಅತ್ತೆಯೇ ದೂರು ಹೇಳಲಿ, ಅವಳಿಗೇ ಫೋನ್ ಮಾಡಿ ಹೇಳಲಿ ಎಂದು ಕಾದೆ.

ದೂರು ಬರಲೇ ಇಲ್ಲ. ತಡೆಯಲಾರದೆ ನಾನೇ ಕೆದಕಿದೆ.

“ಅತ್ತೆ, ಅವಳು ಮಾಡಿದ್ದು ಲೆಕ್ಕ ನುಂಗುತ್ತೆ ಅಲ್ವಾ? ಕೊಡಿ, ಸರಿ ಮಾಡ್ತೀನಿ.”

ಅತ್ತೆ ಪೆಟ್ಟಿಗೆಯನ್ನು ಸೆರಗಿನೊಳಕ್ಕೆ ಎಳೆದುಕೊಂಡರು. “ಮುಟ್ಬ್ಯಾಡ ಕಣವ್ವ. ಬಿರಬಿರನೆ ಅಂದ್ರೆ ಇದು ತಕ್ಕಳಾಕಿಲ್ಲ. ಅದ್ಕೇ ಒಂದೊಂದೇ ನಾಮ ನಿಧಾನಕ್ಕೆ ಅಂತೀನಿ. ಮೊದ್ಲು ಬರೀ ನಾಲ್ಗೆ ಓಡ್ತಿತ್ತು, ಈಗ ಮನ್ಸೂ ಕೂರ್ತದೆ. ಎಂಗೆ ತಿಳ್ಕಂಡ್ಳೋ ನನ್ ಚಿನ್ನ!”

ತಿಳಿದು ಮಾಡಿದ್ದಲ್ಲ, ಕೈಗೆ ಸಿಕ್ಕಿದ್ದು ಹಾಕಿದ್ದು ಎನ್ನುವ ಮಾತು ಬಾಯಿಯವರೆಗೆ ಬಂತು. ಅತ್ತೆ ಆಗಲೇ ಕಣ್ಣು ಮುಚ್ಚಿದ್ದರು. ಅವಳ ಜಾಣತನಕ್ಕೆ ಹೊಟ್ಟೆ ಉರಿದುಕೊಂಡದ್ದಾಗಿತ್ತು. ಈಗ ಅವಳ ತಪ್ಪಿಗೂ ಉರಿದುಕೊಳ್ಳಬೇಕಾಯಿತು.