ಮೇಷ್ಟ್ರ ಬಲಗಿವಿ

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಕಿವಿ ಕೇಳಿಸದವರಿಗೆ ಯಂತ್ರ ಕೊಡುವ ಕ್ಲಿನಿಕ್ಕಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದರು. ಸಿಕ್ಕಸಿಕ್ಕವರ ಕಾಗುಣಿತ ತಿದ್ದುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು. ಕ್ಲಿನಿಕ್ಕಿಗೆ ಹೊಸದಾಗಿ ಸೇರಿದ ಹುಡುಗಿ, ಅವಳು ಕೆಲಸ ಕಲಿತದ್ದು ಅವರ ಕೈಕೆಳಗೆ. ಹಿಂದಿನ ಕೋಣೆಯಲ್ಲಿ ಇಬ್ಬರಿಗೂ ಒಂದೇ ಮೇಜು. ಅವಳು ಸದಾ ಅವರ ಬಲಗಡೆ ಕೂರಬೇಕು. ಅವರ ಎಡಗಿವಿ ಆಗಲೇ ಮಂದ. ಆದರೂ ಕಂಪ್ಯೂಟರಿನ ಫ್ಯಾನು ಗೊರಗುಟ್ಟಿದರೆ ಸಿಡುಕುತ್ತಿದ್ದರು: “ನೋಡಮ್ಮ, ಮುದುಕ ಗೊರಕೆ ಶುರು ಹಚ್ಚಿಕೊಂಡ!”

ಅವರು ಬರೆದ ಪ್ರೋಗ್ರಾಮಿನಲ್ಲಿ ಹೆಸರುಗಳೆಲ್ಲ ಕನ್ನಡದವು, ಅಕ್ಷರ ಮಾತ್ರ ಇಂಗ್ಲಿಷಿನದು. “ನಾಲಿಗೆಗೆ ಬರೋ ಹೆಸರಿಟ್ರೆ ಕೈ ತಪ್ಪಲ್ಲ,” ಎನ್ನುತ್ತಿದ್ದರು.

ಈಗ ಮೇಷ್ಟ್ರು ನಿವೃತ್ತರು. ಎರಡೂ ಕಿವಿಗೆ ಯಂತ್ರ. ಹೊಸ ಪ್ರೋಗ್ರಾಮನ್ನು ಅವಳೇ ಬರೆದಿದ್ದಾಳೆ. ಮೂಲೆಯಲ್ಲಿರುವ ಹಳೇ ಕಂಪ್ಯೂಟರು ಇವತ್ತು ಕಾಯಮ್ಮಾಗಿ ಆರಲಿದೆ. ಅದು ಯಂತ್ರ ಹಾಕುವ ಪ್ರತಿಯೊಬ್ಬರ ವಿವರವನ್ನು ಜೇಸನ್ ಎಂಬ ಪಟ್ಟಿಯ ರೂಪದಲ್ಲಿ ಕೊಟ್ಟಿತ್ತು: ಒಂದು ಹೆಸರು, ಅದರ ಮುಂದೆ ಒಂದು ಅಂಕಿ. ಹೊಸತರಲ್ಲಿ ಪ್ರತಿಯೊಬ್ಬರಿಗೂ ಒಂದು ಆಬ್ಜೆಕ್ಟ್, ಅಂದರೆ ಪೆಟ್ಟಿಗೆಯಿದ್ದಂತೆ; ಅದರೊಳಗೆ ಎಡಗಿವಿಗೊಂದು, ಬಲಗಿವಿಗೊಂದು, ಒಟ್ಟು ಶಬ್ದದ ಶಕ್ತಿಗೊಂದು ಖಾನೆ. ಯಾವ ಹೆಸರಿನ ಅಂಕಿ ಯಾವ ಖಾನೆಗೆ ಎಂದು ಅವಳು ಹೊಂದಿಸಿದ್ದಳು.

ಹೊಸ ಪ್ರೋಗ್ರಾಮಿನಿಂದ ಹೊಂದಿಸಿದ ಯಂತ್ರವನ್ನು ಮೊದಲು ಹಾಕಿಸಿಕೊಂಡವರು ಮೇಷ್ಟ್ರೇ. ಹಾಕಿದ್ದೇ ತಡ, ಮುಖ ಹಿಂಡಿ ಕಿತ್ತು ಕೈಗಿತ್ತರು. “ಸಾಕಮ್ಮ. ಇನ್ನು ಡಬ್ಬೀಲಿಟ್ಟು ಸುಮ್ಮನಿದ್ದುಬಿಡ್ತೀನಿ.”

“ಕೇಳಿಸ್ತಿದ್ದಾಗ್ಲೂ ಕೇಳಿಸದ ಹಾಗಿದ್ರು. ಈಗ ನೆಪ ಸಿಕ್ತು,” ಎಂದರು ಜೊತೆಗೆ ಬಂದಿದ್ದ ಹೆಂಡತಿ.

ಮೇಷ್ಟ್ರು ಹೇಳಿದ್ದನ್ನು ಮಾಡುವವರೇ. ಇನ್ನು ಅವರಿಗೇನಾದರೂ ಹೇಳಬೇಕೆಂದರೆ ಚೀಟಿ ಬರೆಯಬೇಕು. ಅದರಲ್ಲೂ ಕಾಗುಣಿತ ತಿದ್ದಿ ವಾಪಸ್ಸು ಕೊಡುತ್ತಾರೆ. ಅವಳು ಅವರ ಬಲಗಿವಿಯ ಹತ್ತಿರ ಬಾಗಿದಳು.

“ಏನಾಗ್ತಿದೆ, ಸರಿಯಾಗಿ ಹೇಳಿ ಮೇಷ್ಟ್ರೇ!” ಎಂದು ಕೂಗಿದಳು.

“ಏನಾಗೋದು? ಎಡಕ್ಕೆ ಬಲ ಜಾಸ್ತಿ, ಬಲಕ್ಕೆ ಬಲವೇ ಇಲ್ಲ!”

ಅವಳು ತಟ್ಟನೆ ಪರದೆಯ ಕಡೆ ತಿರುಗಿದಳು. ಬಲ.

ಜೇಸನ್ನಿನ ಹೆಸರುಗಳು ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿದ್ದವು. ‘ಬಲ’ ತಲೆಯಲ್ಲೇ, ‘ಎಡ’ ಎಷ್ಟೋ ಕೆಳಗೆ. ಜೊತೆಯಿಲ್ಲದೆ ಸಿಕ್ಕ ಬಲವನ್ನು ಅವಳು ಶಕ್ತಿ ಎಂದು ಓದಿ ಶಕ್ತಿಯ ಖಾನೆಗೆ ಹಾಕಿದ್ದಳು. ಶಕ್ತಿಗೆ ಮೇಷ್ಟ್ರಿಟ್ಟಿದ್ದ ಹೆಸರು ‘ಜೋರು’. ಅದು ಯಾವ ಖಾನೆಗೂ ಸೇರದೆ ಸದ್ದಿಲ್ಲದೆ ಬಿಟ್ಟುಹೋಗಿತ್ತು. ಬಲಗಿವಿಯ ಖಾನೆ ಖಾಲಿ. ಒಂದೇ ಕಿವಿಗೆ ಯಂತ್ರ ಹಾಕುವವರೂ ಇರುವುದರಿಂದ ಪ್ರೋಗ್ರಾಮ್ ಕಮಕ್ ಕಿಮಕ್ ಎಂದಿರಲಿಲ್ಲ.

ಎರಡು ಸಾಲು ತಿದ್ದಿದಳು. ಬಲ ಬಲಗಿವಿಗೆ, ಜೋರು ಶಕ್ತಿಗೆ. ಯಂತ್ರಗಳನ್ನು ಮತ್ತೆ ಹೊಂದಿಸಿ, “ಇದೊಂದು ಸಲ, ನನಗೋಸ್ಕರ,” ಎಂದು ಸನ್ನೆ ಮಾಡಿ ತಾನೇ ತೊಡಿಸಿದಳು. ಹಳೇ ಅಭ್ಯಾಸದಂತೆ ಅವರ ಬಲಗಡೆ ಕೂತಳು.

ಮೇಷ್ಟ್ರು ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದರು. ಹಳೇ ಕಂಪ್ಯೂಟರಿದ್ದ ಮೂಲೆಯ ಕಡೆ ಮುಖ ತಿರುಗಿತು.

“ಮುದುಕ ಇನ್ನೂ ಗೊರಕೆ ಬಿಟ್ಟಿಲ್ವಾ?”

“ನಿಮ್ಮಷ್ಟಿಲ್ಲ ಬಿಡಿ,” ಎಂದು ಹೆಂಡತಿ ಬಲಗಡೆಯಿಂದ ಗೊಣಗಿದರು.

“ಕೇಳಿಸ್ತು ಕಣೇ!”

ತಪ್ಪೇನೆಂದು ಅವಳು ಮೆಲ್ಲಗೆ ವಿವರಿಸಿದಳು. ಅವರು ನಕ್ಕರು. “ಕಾಗುಣಿತ ಸರಿ ಇತ್ತಲ್ಲ, ಅಷ್ಟು ಸಾಕು. ಹೆಸರಿಟ್ಟವನು ನಾನೇ.”

ಹಳೇ ಕಂಪ್ಯೂಟರ್ ಆರಿಸಲು ಅವಳು ಎದ್ದಳು. ಮೇಷ್ಟ್ರು ಅವಳ ಸೆರಗಿನ ತುದಿ ಹಿಡಿದರು.

“ಒಂದು ಗಳಿಗೆ ಇರಲಿ ಬಿಡಮ್ಮ. ಮಲಗಿದಾನೆ.”